ಒಂದು ಹಂದಿ, ಎರಡು ಬಾಣ

ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆಯಲ್ಲಿ ಬಡಗಣಕ್ಕೆ ಹೊರಟರೆ, ಯಲಹಂಕ ಕಳೆದು, ವಿಮಾನ ಹಿಡಿಯಲು ಧಾವಿಸುವ ಟ್ಯಾಕ್ಸಿಗಳೆಲ್ಲ ಬಲಕ್ಕೆ ಸರಿದುಹೋದ ಮೇಲೆ, ದೇವನಹಳ್ಳಿಯ ದ್ರಾಕ್ಷಿ ಚಪ್ಪರಗಳೂ ನಂದಿಬೆಟ್ಟದ ನೀಲಿ ಬೆನ್ನೂ ಒಂದೊಂದಾಗಿ ಹಿಂದೆ ಬಿದ್ದ ಮೇಲೆ, ಊರಿನ ಸದ್ದು ಕಿವಿಯಿಂದ ಇಳಿದುಹೋದದ್ದು ಯಾವಾಗ ಎಂದು ಗೊತ್ತೇ ಆಗದಂತೆ ನೆಲದ ಚಹರೆ ಬದಲಾಗತೊಡಗುತ್ತದೆ. ಮಣ್ಣು ತೆಳುವಾಗುತ್ತದೆ, ಬಂಡೆಗಳು ದಪ್ಪವಾಗುತ್ತವೆ. ಯಾರೋ ಪೇರಿಸಿ ಮರೆತುಹೋದಂತೆ ಒಂದರ ಮೇಲೊಂದು ಒರಗಿ ಕೂತ ಗುಂಡುಗಳ ಸಂದಿಯಲ್ಲಿ ಸೀತಾಫಲದ ಪೊದೆಗಳು ಬಿಸಿಲಿಗೆ ಎಲೆ ಮಡಿಚಿಕೊಂಡು ನಿಂತಿರುತ್ತವೆ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ, ರಾಜ್ಯದ ಗಡಿಯನ್ನೂ ದಾಟಿ, ಕೊಡಿಕೊಂಡದಲ್ಲಿ ಎಡಕ್ಕೆ ಹೊರಳಿದರೆ ಲೇಪಾಕ್ಷಿ. ಗಡಿ ಎಂದೆನಾದರೂ ಅಲ್ಲಿನ ಗುಡಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವೇ. ಹೂ ಮಾರುವವಳು ತೆಲುಗಿನಲ್ಲಿ ಕರೆದು ಕನ್ನಡದಲ್ಲಿ ಚಿಲ್ಲರೆ ಕೊಡುತ್ತಾಳೆ.

ವಿಜಯನಗರದ ಅಚ್ಯುತರಾಯ ಆಳಿದ್ದು 1529ರಿಂದ 1542ರವರೆಗೆ. ಅವನ ಕಾಲದಲ್ಲಿ ಪೆನುಕೊಂಡೆಯ ಅಧಿಕಾರಿಯಾಗಿದ್ದ ವಿರೂಪಣ್ಣ, ಸೋದರ ವೀರಣ್ಣನ ಜೊತೆಗೂಡಿ, ಆಮೆಯ ಬೆನ್ನಿನಂಥ ಒಂದು ಬಂಡೆಯ ಮೇಲೆ ಬೆಳೆಸಿದ ವೀರಭದ್ರನ ಗುಡಿ ಇದು. ಹೊರಗಿನ ಬಿಸಿಲಿನಿಂದ ನಾಟ್ಯಮಂಟಪಕ್ಕೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಅಂಗಾಲಿಗೆ ಮಾತ್ರ ಕಲ್ಲಿನ ತಂಪು ತಿಳಿಯುತ್ತದೆ. ಬಾವಲಿಗಳ, ಎಣ್ಣೆಯ, ಹಳೆಯ ಕರ್ಪೂರದ ಬೆರಕೆ ವಾಸನೆಯೊಂದು ಮೈಗೆ ಹತ್ತುತ್ತದೆ. ಆಮೇಲೆ ಅಂಗಳದ ಹಾಸುಗಲ್ಲಿಗೆ ಬಿದ್ದ ಬೆಳಕು ಅಲ್ಲಿಂದ ಪುಟಿದು, ಕಂಬಗಳ ಮೈ ಸವರಿಕೊಂಡು, ಕೆಳಗಿನಿಂದ ಮೇಲಕ್ಕೆ ಹಬ್ಬುತ್ತ ಚಾವಣಿಯನ್ನು ಮುಟ್ಟುವುದು ಕಾಣತೊಡಗುತ್ತದೆ. ಆಕಾಶದಿಂದ ಇಳಿಯಬೇಕಾದ ಬೆಳಕು ಇಲ್ಲಿ ನೆಲದಿಂದ ಏರುತ್ತದೆ. ಆ ಏರುಬೆಳಕಿನಲ್ಲಿ ಮೊದಲು ಒಂದು ಕಾವಿ ಬಣ್ಣ, ಆಮೇಲೆ ಒಂದು ಮಾಸಿದ ಹಸಿರು, ಆಮೇಲೆ ಕಾಡಿಗೆಯಂಥ ಕಪ್ಪು ಗೆರೆ, ಆ ಗೆರೆಯ ತುದಿಯಲ್ಲಿ ಒಂದು ಕಣ್ಣು. ಒಂದು ಕಣ್ಣು ಕಂಡಿತೆಂದರೆ ಮುಗಿಯಿತು. ಸುತ್ತಲಿನ ಇಡೀ ಸಭೆ ತಿರುಗಿ ನೋಡತೊಡಗುತ್ತದೆ.

ಎರಡು ತೊಲೆಗಳ ನಡುವಿನ ಉದ್ದುದ್ದನೆಯ ಪಟ್ಟಿಗಳಲ್ಲಿ ಕಥೆಗಳು ಮಲಗಿವೆ. ದ್ರೌಪದಿಯ ಸ್ವಯಂವರವಿದೆ, ರಾಮನ ಪಟ್ಟಾಭಿಷೇಕವಿದೆ, ಮಗನ ಮೇಲೆ ರಥ ಹಾಯಿಸಲು ಒಪ್ಪಿದ ಚೋಳರಾಜನ ನ್ಯಾಯವಿದೆ. ನನ್ನನ್ನು ಮತ್ತೆ ಮತ್ತೆ ಕರೆಸಿಕೊಳ್ಳುವುದು ಕಿರಾತಾರ್ಜುನರ ಪಟ್ಟಿ. ತಪಸ್ಸಿಗೆ ನಿಂತ ಅರ್ಜುನ, ಬೇಡನ ವೇಷ ತೊಟ್ಟ ಶಿವ, ಗಂಡನಿಗೆ ತಕ್ಕ ಬೇಡತಿಯಾದ ಗಿರಿಜೆ, ನಡುವೆ ಮುಸುಡಿ ಮುಂದೆ ಚಾಚಿ ನುಗ್ಗಿ ಬರುವ ಹಂದಿ. ಮುಖಗಳೆಲ್ಲ ಪಕ್ಕಕ್ಕೆ ತಿರುಗಿವೆ. ಮೂಗು ಮೊನಚು, ಗದ್ದ ಚೂಪು, ಕಣ್ಣು ಮಾತ್ರ ಮುಖದ ಅಳತೆ ಮೀರಿ ದೊಡ್ಡದು. ನೀಲಿ ಎಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಾಡು, ಕೈಲಾಸ, ಕೋಪ, ಕರುಣೆ ಎಲ್ಲವನ್ನೂ ಕೆಮ್ಮಣ್ಣು, ಅರಿಸಿನಗೆಂಪು, ಎಲೆಹಸಿರು, ಸುಣ್ಣದ ಬಿಳಿ, ದೀಪದ ಮಸಿಯ ಕಪ್ಪು ಇಷ್ಟರಲ್ಲೇ ಹೇಳಿ ಮುಗಿಸಿದ್ದಾರೆ. ಹೆಸರು ಬರೆಯದೆ ಹೋದ ಆ ಚಿತ್ರಗಾರರಿಗೆ ಬೆಟ್ಟ ಬರೆಯುವ ಹೊತ್ತು ಬಂದಾಗ ಹೊರಗಿನ ಗುಂಡುಬಂಡೆಗಳನ್ನೇ ನೋಡಿಕೊಂಡಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಒಮ್ಮೆ ಅಲ್ಲಿ, ಕತ್ತು ನೋಯುತ್ತದೆಂದು ಕಂಬಕ್ಕೆ ಒರಗಿ ಕೂತಿದ್ದಾಗ, ಅಜ್ಜಿಯೊಬ್ಬರು ಮೊಮ್ಮಗನನ್ನು ನೆಲದ ಮೇಲೆ ಅಂಗಾತ ಮಲಗಿಸಿ ತಾವೂ ಪಕ್ಕದಲ್ಲಿ ಕೂತು ಮೇಲಕ್ಕೆ ಕೈ ತೋರಿಸುತ್ತಿದ್ದರು. ಹುಡುಗ ಹಂದಿಯನ್ನು ಹಿಡಿದುಬಿಟ್ಟಿದ್ದ. "ಅಜ್ಜಿ, ಹಂದಿ ಯಾರ್ದು? ಇವನ್ದಾ, ಅವನ್ದಾ?" ಅಜ್ಜಿ ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದರು: "ಯಾರ್ದಾದ್ರೇನೋ, ಏಟು ಬಿದ್ದಿದ್ದು ಅದಕ್ಕೆ ತಾನೆ." ಕಾವ್ಯಮೀಮಾಂಸೆಯ ಪುಸ್ತಕಗಳಲ್ಲಿ ಹಂದಿಯ ಪರವಾಗಿ ಯಾರೂ ಮಾತಾಡಿದ್ದನ್ನು ನಾನು ಓದಿಲ್ಲ.

ಕಥೆ ಇಷ್ಟೇ. ವನವಾಸದ ನಡುವೆ ಅಸ್ತ್ರ ಬೇಡಲು ಇಂದ್ರಕೀಲ ಪರ್ವತಕ್ಕೆ ಹೋದ ಅರ್ಜುನ ತಪಸ್ಸು ಮಾಡುತ್ತಿರುವಾಗ, ಮೂಕನೆಂಬ ದಾನವ ಹಂದಿಯಾಗಿ ಮೇಲೆ ಬೀಳುತ್ತಾನೆ. ಅರ್ಜುನನೂ ಬಾಣ ಬಿಡುತ್ತಾನೆ, ಬೇಡನಾಗಿ ಬಂದ ಶಿವನೂ ಬಿಡುತ್ತಾನೆ. ಒಂದು ಹಂದಿಗೆ ಎರಡು ಬಾಣ. ಬೇಟೆ ಯಾರದೆಂಬ ಜಗಳ ಕಾಳಗವಾಗುತ್ತದೆ, ಕಾಳಗದ ಕೊನೆಗೆ ಎದುರಾಳಿ ಯಾರೆಂದು ತಿಳಿಯುತ್ತದೆ. ವ್ಯಾಸಭಾರತದ ವನಪರ್ವದಲ್ಲಿ ಕೆಲವೇ ಅಧ್ಯಾಯಗಳಲ್ಲಿ ಬಂದುಹೋಗುವ ಇದನ್ನು ಭಾರವಿ 18 ಸರ್ಗಗಳ ಮಹಾಕಾವ್ಯವಾಗಿಸಿದ. ದಾರಿಯುದ್ದಕ್ಕೂ ಶರತ್ಕಾಲದ ಗದ್ದೆ, ಹಿಮದ ಬೆಟ್ಟ, ಅಪ್ಸರೆಯರ ಜಲಕ್ರೀಡೆ, ಸೂರ್ಯಾಸ್ತ, ಚಂದ್ರೋದಯ. ಕಥೆ ಕಾಯುತ್ತ ನಿಲ್ಲುತ್ತದೆ, ಕವಿಗೆ ಅವಸರವಿಲ್ಲ.

ಈ ಕವಿಗೂ ನಮ್ಮ ನೆಲಕ್ಕೂ ನಂಟು ಹಳೆಯದು. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ 634ರಲ್ಲಿ ಪುಲಿಕೇಶಿಯ ಪ್ರಶಸ್ತಿ ಬರೆದ ರವಿಕೀರ್ತಿ, ಕೀರ್ತಿಯಲ್ಲಿ ತಾನು ಕಾಳಿದಾಸನಿಗೂ ಭಾರವಿಗೂ ಸಮನೆಂದು ಹೇಳಿಕೊಳ್ಳುತ್ತಾನೆ. ಕವಿಯ ಹೆಸರು ಕಲ್ಲಿನಲ್ಲಿ ಕಾಣಿಸಿಕೊಂಡದ್ದು ನಮ್ಮ ಮಲಪ್ರಭೆಯ ದಂಡೆಯಲ್ಲಿ. ಅದಕ್ಕೂ ಹಿಂದೆ, ಆರನೆಯ ಶತಮಾನದ ಗಂಗರಾಜ ದುರ್ವಿನೀತ ಈ ಕಾವ್ಯದ 15ನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಪಟ ಹೇಳುತ್ತದೆ. ಗಂಗರೆಂದರೆ ನಮಗೆ ದೂರದವರಲ್ಲ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಬೆಂಗಳೂರಿನಲ್ಲಿ ಈವರೆಗೆ ಕಂಡ ಕನ್ನಡ ಶಾಸನಗಳಲ್ಲಿ ಅದೇ ಹಳೆಯದೆಂದು ಬಲ್ಲವರು ಎಣಿಸುತ್ತಾರೆ. ಇಂದು ಬಸ್ಸುಗಳು ಹೊಗೆ ಉಗುಳುತ್ತ ನಿಲ್ಲುವ ಆ ನೆಲ ಒಂದು ಕಾಲಕ್ಕೆ ಭಾರವಿಯ ವ್ಯಾಖ್ಯಾನಕಾರನ ವಂಶದ ಆಳ್ವಿಕೆಗೆ ಸೇರಿತ್ತು ಎಂದು ನೆನೆದಾಗ, ಸಿಗ್ನಲ್ ಕೆಂಪಾಗಿದ್ದರೂ ಒಂದು ಗಳಿಗೆ ಬೇಸರವಾಗುವುದಿಲ್ಲ.

ದುರ್ವಿನೀತ ಆರಿಸಿಕೊಂಡ ಸರ್ಗವಾದರೂ ಎಂಥದು! ಯುದ್ಧದ ನಟ್ಟನಡುವೆ ಕವಿಗೆ ಚಿತ್ರ ಬರೆಯುವ ಹುಚ್ಚು ಹಿಡಿದ ಸರ್ಗ ಅದು. ಒಂದು ಪದ್ಯ ಹೆಚ್ಚುಕಡಿಮೆ 'ನ'ಕಾರವೊಂದರಲ್ಲೇ ನಡೆಯುತ್ತದೆ. ಇನ್ನೊಂದನ್ನು ಚೌಕದ ಮನೆಗಳಲ್ಲಿ ಅಕ್ಷರ ಅಕ್ಷರವಾಗಿ ತುಂಬಿದರೆ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಅದೇ ಪದ್ಯ. ಸರ್ವತೋಭದ್ರ ಎಂಬ ಬಂಧ. ಗೋಮೂತ್ರಿಕೆ ಎಂಬುದೂ ಇದೆ, ನಡೆಯುತ್ತ ಹೋಗುವ ಎತ್ತು ಧೂಳಿನ ಮೇಲೆ ಬಿಡುವ ಅಂಕುಡೊಂಕು ಗೆರೆಯ ಹಾಗೆ ಎರಡು ಸಾಲುಗಳ ಅಕ್ಷರಗಳನ್ನು ಹೆಣೆದು ಓದುವುದು. ಹಾಗಾದರೆ ಈ ಕಾವ್ಯಕ್ಕೆ ಚಿತ್ರ ಬರೆದವರಲ್ಲಿ ಮೊದಲಿಗ ಭಾರವಿಯೇ. ಲೇಪಾಕ್ಷಿಯ ಚಾವಣಿಯ ಹೆಂಗಸರ ಸೀರೆಗಳಲ್ಲಿ ಚೌಕದೊಳಗೆ ಚೌಕ, ಗೀರಿನ ಪಕ್ಕ ಗೀರು, ಬುಟ್ಟಾದ ಮಗ್ಗುಲಿಗೆ ಬುಟ್ಟಾ ಸಾಲುಗಟ್ಟಿರುವುದನ್ನು ನೋಡುತ್ತ ನೋಡುತ್ತ, ಯಾವ ದಿಕ್ಕಿನಿಂದ ಎಣಿಸಿದರೂ ಕೆಡದ ಆ ಮನೆಗಳಲ್ಲಿ ಸರ್ವತೋಭದ್ರದ ಅಕ್ಷರಗಳನ್ನು ಕೂರಿಸಿ ನೋಡಬೇಕೆನ್ನಿಸುತ್ತದೆ. ಕವಿಯ ಚೌಕ ನೇಕಾರನ ಮಗ್ಗಕ್ಕೆ ಹೋಯಿತೋ, ನೇಕಾರನ ಚೌಕ ಕವಿಯ ಓಲೆಗೆ ಬಂತೋ. ಎರಡೂ ಒಂದೇ ಬಾವಿಯ ನೀರಿರಬಹುದು.

ಭಾರವಿ ಕಂಚಿಯ ಪಲ್ಲವರ ಆಸ್ಥಾನಕ್ಕೂ ಹೋಗಿದ್ದನೆಂಬ ಮಾತು ದಂಡಿಯ ಹೆಸರಿನಲ್ಲಿರುವ ಅವಂತಿಸುಂದರೀ ಕಥೆಯಲ್ಲಿ ಬರುತ್ತದೆ. ಅವನು ಹೋಗಿದ್ದನೋ ಇಲ್ಲವೋ, ಅವನ ಕಥೆ ಹೋಯಿತೆಂದು ನಂಬಲು ಮಹಾಬಲಿಪುರದ ಬಂಡೆಯಿದೆ. ಏಳನೆಯ ಶತಮಾನದ ಪಲ್ಲವ ಶಿಲ್ಪಿಗಳು ಸುಮಾರು 29 ಮೀಟರ್ ಉದ್ದ, 13 ಮೀಟರ್ ಎತ್ತರದ ಬಂಡೆಯನ್ನೇ ಹಾಳೆ ಮಾಡಿಕೊಂಡರು. ಒಂಟಿಕಾಲಿನಲ್ಲಿ ನಿಂತು, ಎರಡೂ ಕೈ ತಲೆಯ ಮೇಲೆತ್ತಿ, ಪಕ್ಕೆಲುಬು ಎಣಿಸುವಷ್ಟು ಸೊರಗಿದ ತಪಸ್ವಿ. ಎದುರಿಗೆ ವರ ಕೊಡುವ ಕೈ ಚಾಚಿದ ಚತುರ್ಭುಜ ಶಿವ. ಬಂಡೆಯನ್ನು ನಡುವೆ ಸೀಳಿದ ಬಿರುಕಿನಲ್ಲಿ ನಾಗರು ಈಜುತ್ತ ಏರುತ್ತಿದ್ದಾರೆ, ಎರಡೂ ಕಡೆಯಿಂದ ದೇವತೆಗಳು ಗಂಧರ್ವರು ಸಿದ್ಧರು ಮೊಣಕಾಲು ಮಡಿಚಿ ಹಾರಿ ಬರುತ್ತಿದ್ದಾರೆ, ಆನೆಗಳು ಮರಿಗಳನ್ನು ಕಾಲಡಿ ಇಟ್ಟುಕೊಂಡು ನಿಂತಿವೆ. ಭಗೀರಥನ ತಪಸ್ಸಿಗೆ ಇಳಿದ ಗಂಗೆ ಇದೆಂದು 1914ರಲ್ಲಿ ಗೊಲುಬ್ಯೂ ಎಂಬ ವಿದ್ವಾಂಸ ಹೇಳಿದಂದಿನಿಂದ ವಾದ ನಡೆಯುತ್ತಲೇ ಇದೆ. ಅರ್ಜುನನಾದರೆ ಹಂದಿಯೆಲ್ಲಿ, ಬೇಡನೆಲ್ಲಿ ಎಂಬುದು ಆ ಪಕ್ಷದವರ ಪ್ರಶ್ನೆ, ನ್ಯಾಯವಾದದ್ದೇ.

ನನಗೆ ಆ ವ್ಯಾಜ್ಯ ಬಗೆಹರಿಯುವುದೇ ಬೇಡ. ಹಂದಿಯಿಲ್ಲದ ಕಿರಾತಾರ್ಜುನೀಯ ಎಂದುಕೊಂಡು ಅದರ ಮುಂದೆ ನಿಂತಾಗ ಆ ಬಂಡೆ ಹೇಳುವ ಮಾತೇ ಬೇರೆ. ಜಗಳ ಇನ್ನೂ ಹುಟ್ಟಿಲ್ಲ, ಅಥವಾ ಮುಗಿದುಹೋಗಿದೆ. ಇಡೀ ಲೋಕ ಒಬ್ಬನ ತಪಸ್ಸಿನ ಕಡೆ ಮುಖ ಮಾಡಿ ಉಸಿರು ಹಿಡಿದಿರುವಾಗ ಜಿಂಕೆಯೊಂದು ಹಿಂಗಾಲೆತ್ತಿ ತನ್ನ ಮೂತಿ ಕೆರೆದುಕೊಳ್ಳುತ್ತಿದೆ. ಆನೆಯ ದಂತದ ಹತ್ತಿರ ಬೆಕ್ಕೊಂದು ಮುಂಗಾಲು ಮೇಲೆತ್ತಿ ಅರ್ಜುನನ ಹಾಗೆಯೇ ತಪಸ್ಸಿಗೆ ನಿಂತಿದೆ. ಅದರ ಸುತ್ತ ಇಲಿಗಳು ಭಯವಿಲ್ಲದೆ ಓಡಾಡುತ್ತಿವೆ. ಅತ್ಯಂತ ಪವಿತ್ರವಾದದ್ದರ ಪಕ್ಕದಲ್ಲೇ ಅದರ ಅಣಕವನ್ನು ಕೆತ್ತುವ ಧೈರ್ಯ ಯಾವ ಭಕ್ತಿಯಿಂದ ಬಂತು? ದೇವರು ನಗುತ್ತಾನೆಂದು ಗಟ್ಟಿಯಾಗಿ ನಂಬಿದವರಿಗೆ ಮಾತ್ರ ಅದು ಸಾಧ್ಯ. ಬೆಳಗಿನ ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬೀಳುವ ಹೊತ್ತಿಗೆ ನೆರಳುಗಳು ಉದ್ದವಾಗಿ ಆನೆಗಳು ಒಂದು ಹೆಜ್ಜೆ ಮುಂದೆ ಬಂದಂತೆ ತೋರುತ್ತದೆ. ಕಡಲ ಗಾಳಿಗೆ ತುಟಿಯ ಮೇಲೆ ಉಪ್ಪು ಕೂರುತ್ತದೆ. ನೋಡುತ್ತಿರುವವರೂ ಆ ಗುಂಪಿನಲ್ಲಿ ಒಬ್ಬರಾಗಿ, ಎಡಕ್ಕೋ ಬಲಕ್ಕೋ, ಜಾಗ ಸಿಕ್ಕಲ್ಲಿ ನಿಂತುಬಿಡುತ್ತಾರೆ.

ಕಂಚಿಯನ್ನು ಗೆದ್ದ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಒಪ್ಪಿಸಿ, ಹಾಗೆಂದು ಅದೇ ಗುಡಿಯಲ್ಲಿ ಕನ್ನಡದಲ್ಲಿ ಬರೆಸಿ ಬಂದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಅದೇ ಊರಿನ ಅಂಚಿನಲ್ಲಿ, ನದಿಯ ಕಡೆಗೆ ಉದ್ದವಾಗಿ ಮೈಚಾಚಿದ ಪಾಪನಾಥ ಗುಡಿಯ ಹೊರಗೋಡೆಗಳಲ್ಲಿ ರಾಮಾಯಣದ ಜೊತೆಗೆ ಕಿರಾತಾರ್ಜುನರೂ ಇದ್ದಾರೆ. ಮಹಾಬಲಿಪುರದ ಹರವು ಇಲ್ಲಿಲ್ಲ. ಮರಳುಗಲ್ಲಿನ ಸಣ್ಣ ಫಲಕಗಳು, ಮೊಣಕಾಲೆತ್ತರದ ಮನುಷ್ಯರು, ಮಳೆ ನೆಕ್ಕಿ ನೆಕ್ಕಿ ಮೂಗು ಬೆರಳು ಸವೆದ ಮೈಗಳು. ಆದರೆ ಆ ಕಲ್ಲಿನ ಬಣ್ಣ! ಬೆಳಿಗ್ಗೆ ಹಸಿ ಇಟ್ಟಿಗೆ, ಮಧ್ಯಾಹ್ನ ಒಣಗಿದ ಕಿತ್ತಳೆ ಸಿಪ್ಪೆ, ಸಂಜೆ ನೆತ್ತರು. ದಿನವೆಲ್ಲ ಕಲ್ಲು ತನ್ನ ಕಥೆಗೆ ತಾನೇ ಬಣ್ಣ ಹಚ್ಚಿಕೊಳ್ಳುತ್ತದೆ. ಪಲ್ಲವ ಶಿಲ್ಪಿಗೆ ತಪಸ್ಸು ಬೇಕಿತ್ತು. ಚಾಲುಕ್ಯ ಶಿಲ್ಪಿಗೆ ಬಿಲ್ಲು ಬೇಕು, ಎದುರಾದ ಎರಡು ಮೈಗಳ ಬಿಗಿ ಬೇಕು. ಗೆದ್ದು ಬಂದ ರಾಜ್ಯದ ಉಳಿಯಲ್ಲವೇ ಅದು ಎಂದುಕೊಳ್ಳುತ್ತೇನೆ. ಹಾಗೆ ಸರಳವಾಗಿ ಹೇಳಿದರೆ ಆ ಸವೆದ ಮುಖಗಳಿಗೆ ಅನ್ಯಾಯವಾದೀತು ಎಂದೂ ಅನ್ನಿಸುತ್ತದೆ.

ಹೊಯ್ಸಳರ ಮಾತೆತ್ತಿದರೆ ನಿಲ್ಲುವುದಿಲ್ಲ, ಅದಕ್ಕೇ ಬೇಗ ದಾಟುತ್ತೇನೆ. ಬಳಪದ ಕಲ್ಲು ಉಳಿಗೆ ಅಷ್ಟು ಸುಲಭವಾಗಿ ಮಣಿದಾಗ ಬೇಡನಿಗೂ ಒಡವೆ ತೊಡಿಸಬೇಕೆನ್ನಿಸುವುದು ತಪ್ಪಲ್ಲ. ಆದರೆ ಅಷ್ಟೆಲ್ಲ ಆಭರಣದ ನಡುವೆ ಕಾಡಿನ ವಾಸನೆ ಸ್ವಲ್ಪ ಆರಿಹೋಗುತ್ತದೆ. ಅದು ಬೇಕಾದವರು ಯಕ್ಷಗಾನದ ಕಿರಾತನ ಒಡ್ಡೋಲಗಕ್ಕೆ ಹೋಗಬೇಕು. ಚೆಂಡೆಯ ಪೆಟ್ಟಿಗೆ ರಂಗಸ್ಥಳ ಬೇಟೆಯ ಬಯಲಾಗುತ್ತದೆ, ಬೇಡಪಡೆ ಕುಣಿಯುತ್ತ ಒಳನುಗ್ಗುತ್ತದೆ, ಇಲ್ಲದ ಮೃಗದ ಹೆಜ್ಜೆಯನ್ನು ಎಲ್ಲರೂ ನೆಲದಲ್ಲಿ ಹುಡುಕುತ್ತಾರೆ. ಅಲ್ಲಿ ಚಿತ್ರಗಾರನೂ ಅವನೇ, ಚಿತ್ರವೂ ಅವನೇ, ಬೆಳಗಾದರೆ ಒರೆಸಿಹೋಗುವ ಬಣ್ಣವೂ ಅವನದೇ.

ಇನ್ನೊಂದು ಕಿರಾತಾರ್ಜುನ ಕಾಗದದ ಮೇಲಿದೆ. ಸೋದರಿ ನಿವೇದಿತಾ ಬರೆಯಲು ಹಿಡಿದು, ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಪೂರ್ತಿಗೊಳಿಸಿದ ಹಿಂದೂ ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ 1913ರಲ್ಲಿ ಹೊರಬಂತು. ಅದರ ಚಿತ್ರಗಳನ್ನು ಅವನೀಂದ್ರನಾಥ ಟ್ಯಾಗೋರರ ಕಣ್ಣಳತೆಯಲ್ಲಿ ಅವರ ಶಿಷ್ಯರು ಬರೆದರು. ಕಿರಾತಾರ್ಜುನರನ್ನು ಬರೆದವರು ನಂದಲಾಲ್ ಬೋಸ್. ರಾಮಾಯಣದ ಹಲವು ಚಿತ್ರಗಳು ಮೈಸೂರಿನಿಂದ ಕಲ್ಕತ್ತೆಗೆ ಕಲಿಯಲು ಹೋಗಿದ್ದ ನಮ್ಮ ಕೆ. ವೆಂಕಟಪ್ಪನವರವು. ಆ ಬಳಗದವರ ಕೈಯಲ್ಲಿ ಜಲವರ್ಣ ಬೇರೆ ನಡೆ ಕಲಿಯಿತು. ಬಣ್ಣ ಹಚ್ಚಿದ ಹಾಳೆಯನ್ನು ಮತ್ತೆ ನೀರಿಗೆ ಅದ್ದಿ, ತೊಳೆದು, ಒಣಗಿಸಿ, ಮತ್ತೆ ಹಚ್ಚಿ ಮತ್ತೆ ತೊಳೆದರೆ, ಬಣ್ಣ ಹಾಳೆಯ ಮೇಲೆ ಕೂತಂತೆ ಕಾಣದೆ ಒಳಗಿನಿಂದ ಒಸರಿದಂತೆ ಕಾಣುತ್ತದೆ. ಗೆರೆಗಳು ಮುಂಜಾವಿನ ಮಂಜಿನಲ್ಲಿ ಮರಗಳು ಇರುವಂತೆ ಇದ್ದೂ ಇಲ್ಲದಂತಿರುತ್ತವೆ. ಲೇಪಾಕ್ಷಿಯ ಕಪ್ಪು ಗೆರೆ ಇದು ಅರ್ಜುನ, ಇದು ಹಂದಿ ಎಂದು ಪಂಚಾಯಿತಿ ಮಾಡಿ ಗಡಿ ಕಲ್ಲು ನೆಡುತ್ತದೆ. ಕಲ್ಕತ್ತೆಯ ಮಂಜು ಆ ಕಲ್ಲುಗಳನ್ನು ಮೆಲ್ಲಗೆ ಕೀಳುತ್ತದೆ. ಮೊದಲನೆಯದರ ಕಡೆಗೇ ನನ್ನ ಒಲವು ಹೆಚ್ಚೆಂದು ಮುಚ್ಚುಮರೆಯಿಲ್ಲದೆ ಹೇಳಬಲ್ಲೆ. ಹಾಗಿದ್ದರೂ ಮಳೆಗಾಲದ ಸಂಜೆ ಆರ್.ಟಿ. ನಗರದ ಬೀದಿಯಲ್ಲಿ, ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತೂ ಆ ಹೆಸರನ್ನು ಎರಡಕ್ಷರಕ್ಕೆ ಇಳಿಸಿಕೊಂಡ ಬಡಾವಣೆಯಲ್ಲಿ, ಬೀದಿದೀಪಗಳ ಸುತ್ತ ಜಡಿಮಳೆ ಹಳದಿ ಬಳೆಗಳಾಗಿ ತೇಲುವಾಗ, ಆ ಮನೆತನದ ಇನ್ನೊಬ್ಬ ಟ್ಯಾಗೋರರ ಅಂಗಳದಲ್ಲಿ ಹಾಳೆಗಳನ್ನು ತೊಳೆದದ್ದು ಯಾಕೆಂದು ಕಣ್ಣಿಗೇ ತಿಳಿಯುತ್ತದೆ.

ಇಷ್ಟು ಜನ ಬರೆದರೂ ಕೆತ್ತಿದರೂ ಈ ಕಾವ್ಯದಲ್ಲಿ ಯಾರ ಕೈಗೂ ಸಿಗದೆ ಉಳಿದವು ಇವೆ. ಐದನೆಯ ಸರ್ಗದಲ್ಲಿ, ಹಿಮಾಲಯದ ವರ್ಣನೆಯಲ್ಲಿ, ನೆಲತಾವರೆಗಳ ಕಾಡಿನಿಂದ ಗಾಳಿ ಪರಾಗವನ್ನು ಎಬ್ಬಿಸಿ ಆಕಾಶದಲ್ಲಿ ಸುತ್ತಿಸಿದಾಗ ಅದು ಚಿನ್ನದ ಕೊಡೆಯಂತೆ ಹೊಳೆಯಿತೆಂದು ಭಾರವಿ ಬರೆಯುತ್ತಾನೆ. ಆ ಒಂದು ಕಾಣ್ಕೆಗಾಗಿ ರಸಿಕರು ಅವನಿಗೆ ಆತಪತ್ರ ಭಾರವಿ ಎಂದೇ ಅಡ್ಡಹೆಸರಿಟ್ಟರು. ಹುಡಿಯ ಕೊಡೆ, ಹಿಡಿಯಿಲ್ಲದ ಕೊಡೆ, ಯಾರ ತಲೆಗೂ ನೆರಳು ಕೊಡದೆ ಬೆಳಕನ್ನೇ ಹಿಡಿದು ನಿಂತ ಕೊಡೆ. ಉಳಿಗೆ ಅದು ಸಿಗುವುದಿಲ್ಲ. ಪರಾಗವನ್ನು ಕೆತ್ತುವುದು ಹೇಗೆ? ಸುಣ್ಣದ ಗಾರೆಯ ಮೇಲೆ ಹಳದಿ ಬಳಿದರೆ ಅದು ಹಳದಿಯಾಗುತ್ತದೆಯೇ ಹೊರತು ಗಾಳಿಯಾಗುವುದಿಲ್ಲ. ಜಕ್ಕೂರು ಕೆರೆಯ ಏರಿಯ ಮೇಲೆ ಮಾಘದ ಸಂಜೆಗಳಲ್ಲಿ ನಡೆಯುವಾಗ, ದಾರಿಯ ಧೂಳು ಸುಳಿಗಾಳಿಗೆ ಎದ್ದು, ಮುಳುಗುವ ಸೂರ್ಯನಿಗೆ ಎದುರಾಗಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಹೊನ್ನಾಗಿ, ಮತ್ತೆ ಧೂಳಾಗಿಯೇ ಜೊಂಡಿನ ಮೇಲೆ ಇಳಿಯುವುದನ್ನು ನೋಡಿದ್ದೇನೆ. ಪಕ್ಕದಲ್ಲಿ ಓಡುತ್ತಿದ್ದವರೊಬ್ಬರು ಕೆಮ್ಮಿ ಮೂಗಿಗೆ ಕರವಸ್ತ್ರ ಹಿಡಿದರು. ಅವರದೂ ಸರಿಯೇ.

ಇನ್ನೊಂದು ಉಳಿದದ್ದು ಕಾವ್ಯದ ಕೊನೆಯಲ್ಲಿದೆ, ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಅರ್ಜುನನ ಬತ್ತಳಿಕೆ ಬರಿದಾಯಿತು, ಬಿಲ್ಲು ಹೋಯಿತು, ಕತ್ತಿ ಮುರಿಯಿತು. ಬಂಡೆ ಎಸೆದ, ಮರ ಕಿತ್ತು ಎಸೆದ, ಕೊನೆಗೆ ಬರಿಗೈಯಲ್ಲಿ ಕುಸ್ತಿಗೆ ಬಿದ್ದ. ಪಟ್ಟು ಬಿಗಿಯಾದಾಗ ಬೇಡ ಮೇಲಕ್ಕೆ ನೆಗೆದ. ಕೆಡವಬೇಕೆಂಬ ಛಲದಲ್ಲಿ ಅರ್ಜುನ ಕೈಗೆ ಸಿಕ್ಕ ಅವನ ಎರಡೂ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದದ್ದು ನೆಲಕ್ಕೆ ಅಪ್ಪಳಿಸಲು. ಆದರೆ ಹಿಡಿದದ್ದು ಪಾದಗಳನ್ನು. ವ್ಯಾಸರ ಅರ್ಜುನ ತಾನು ಮಣ್ಣಿನ ಲಿಂಗಕ್ಕೆ ಮುಡಿಸಿದ ಹೂಮಾಲೆ ಬೇಡನ ತಲೆಯ ಮೇಲಿರುವುದನ್ನು ಕಂಡು ತಿಳಿದುಕೊಳ್ಳುತ್ತಾನೆ. ಅದೂ ಚೆಲುವೇ, ಅದಕ್ಕೊಂದು ಗುರುತಿದೆ, ಬಣ್ಣವಿದೆ, ಬರೆಯಬಹುದು. ಭಾರವಿಯ ಅರ್ಜುನನಿಗೆ ಗುರುತು ಯಾವುದೂ ಇಲ್ಲ. ಅವನ ಕೈಗಳು ಅವನಿಗಿಂತ ಮೊದಲೇ ಶರಣಾಗಿಬಿಟ್ಟಿವೆ, ಸುದ್ದಿ ತಲೆಗೆ ಇನ್ನೂ ಮುಟ್ಟಿಲ್ಲ. ಅಷ್ಟರಲ್ಲಿ ಶಿವ ಮೆಚ್ಚಿಯಾಗಿದೆ, ಅಪ್ಪಿಯಾಗಿದೆ.

ಆ ಕ್ಷಣವನ್ನು ಬರೆಯಹೊರಟ ಚಿತ್ರಗಾರ ಏನು ಮಾಡಬೇಕು? ಕಾಲು ಹಿಡಿದ ಬೆರಳುಗಳನ್ನು ಬಿಗಿ ಮಾಡಿದರೆ ಜಗಳವಾಗುತ್ತದೆ, ಸಡಿಲ ಮಾಡಿದರೆ ನಮಸ್ಕಾರವಾಗುತ್ತದೆ. ಕೂದಲೆಳೆಯಷ್ಟು ಕುಂಚ ಅತ್ತಿತ್ತ ಸರಿದರೂ ಎರಡರಲ್ಲಿ ಒಂದು ಮಾತ್ರ ಉಳಿಯುತ್ತದೆ, ಭಾರವಿಗೆ ಬೇಕಾದದ್ದು ಎರಡೂ. ಕಲ್ಲು ಒಂದೇ ಗಳಿಗೆಯನ್ನು ಹಿಡಿಯುತ್ತದೆ, ಬಣ್ಣವೂ ಹಾಗೆಯೇ. ಪದಕ್ಕೆ ಮಾತ್ರ ಒಂದು ಗಳಿಗೆಯೊಳಗೆ ಇನ್ನೊಂದನ್ನು ಬಚ್ಚಿಡುವ ಉಪಾಯ ಗೊತ್ತು. ಅದಕ್ಕೇ ಇರಬೇಕು, ಪಲ್ಲವ ಶಿಲ್ಪಿ ಅದಕ್ಕೂ ಮೊದಲೇ ನಿಂತು ತಪಸ್ಸನ್ನು ಕೆತ್ತಿದ, ಚಾಲುಕ್ಯ ಶಿಲ್ಪಿ ಕಾಳಗದಲ್ಲಿ ನಿಂತ, ಲೇಪಾಕ್ಷಿಯವರು ಹಂದಿಯ ಓಟಕ್ಕೆ ಮನಸೋತರು. ಯಾರೂ ಸೋತಿಲ್ಲ. ಒಬ್ಬೊಬ್ಬರೂ ಆ ಪಾದಗಳಿಂದ ಒಂದೊಂದು ದೂರದಲ್ಲಿ ನಿಂತು, ಅಷ್ಟು ದೂರದಿಂದ ಕಂಡದ್ದನ್ನು ಕಂಡ ಹಾಗೆ ಇಟ್ಟುಹೋಗಿದ್ದಾರೆ. ಕುಂಚವನ್ನೂ ಉಳಿಯನ್ನೂ ಹಿಡಿಯಬಲ್ಲ ಕೈಗಳಿಗೆ ಆ ಹಿಡಿತ ಏನೆಂದು ತಿಳಿಯದೆ ಇರಲಿಲ್ಲ. ಕತ್ತು ಹಿಂದಕ್ಕೆ ಬಾಗಿಸಿ, ಬಣ್ಣದ ಹನಿ ಹಣೆಯ ಮೇಲೆ ಬೀಳುತ್ತಿರುವಾಗ, ಚಾವಣಿಗೆ ಎರಡೂ ಕೈ ಎತ್ತಿ ನಿಂತವನ ಭಂಗಿಯೂ ಇಂದ್ರಕೀಲದ ತಪಸ್ವಿಯದೇ ಅಲ್ಲವೇ?

ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯದಲ್ಲಿ, ಆಮೇಲೆ ಕುಮಾರವ್ಯಾಸ ತನ್ನ ಅರಣ್ಯಪರ್ವದಲ್ಲಿ ಇದೇ ಕಾಳಗವನ್ನು ಕನ್ನಡಕ್ಕೆ ತಂದಿದ್ದಾರೆ. ಗುಡಿ ನೋಡುವ ಮುನ್ನ ಅವರಲ್ಲಿ ಒಬ್ಬರನ್ನಾದರೂ ಓದಿಕೊಂಡು ಹೋಗಿ. ಚಾವಣಿಯ ಕಣ್ಣುಗಳು ಬೇಗ ಗುರುತು ಹಿಡಿಯುತ್ತವೆ. ಲೇಪಾಕ್ಷಿಯ ಗಾರೆ ಅಲ್ಲಲ್ಲಿ ಉದುರಿದೆ. ಕೆಲವೆಡೆ ಕಾಲು ಉಳಿದು ಮೈ ಹೋಗಿದೆ, ಕೆಲವೆಡೆ ಸೀರೆಯ ಅಂಚು ಉಳಿದು ಉಟ್ಟವಳು ಹೋಗಿದ್ದಾಳೆ. ಫೋನಿನ ಫ್ಲಾಶ್ ಹಾಕಬೇಡಿ, ಕೈಗೆಟುಕುವ ಬಣ್ಣವನ್ನು ಮುಟ್ಟಬೇಡಿ, ಮಕ್ಕಳಿದ್ದರೆ ನೆಲದ ಮೇಲೆ ಅಂಗಾತ ಮಲಗಿಸಿ. ಬಿಸಿಲು ಅಂಗಳದ ಕಲ್ಲಿಗೆ ನೇರವಾಗಿ ಬೀಳುವ ಹೊತ್ತು ಒಳ್ಳೆಯದು. ಯಲಹಂಕದಿಂದ ರೈಲಿನಲ್ಲಿ ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರದಲ್ಲಿ ಇಳಿದರೆ, ಅಲ್ಲಿಂದ ಗುಡಿಗೆ ಸುಮಾರು 15 ಕಿಲೋಮೀಟರ್.